‘ಉಳಿದದ್ದು’ ಎಂಬ ಕಾಲಂ

ಮನೆ ಕಟ್ಟಿಸುವಾಗ ನಿದ್ದೆಗೆಟ್ಟು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರಲ್ಲಿ ಈ ವರ್ಷ ಇವರು ನಾಲ್ಕನೆಯ ದಂಪತಿ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಗಂಡ ಗುಮಾಸ್ತ, ಸಂಬಳ 38,000 ರೂಪಾಯಿ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. 30 ಲಕ್ಷದ ಅಂದಾಜು 36 ದಾಟಿತ್ತು. ಇಬ್ಬರೂ ಮಾತು ಬಿಟ್ಟು ತಿಂಗಳಾಗಿತ್ತು.

ಮೂರನೆಯ ಭೇಟಿಗೆ ಗಂಡ ಲೆಕ್ಕದ ಪುಸ್ತಕ ತಂದರು. ತಾನು ದುಂದುಗಾರನಲ್ಲವೆಂದು ತೋರಿಸಬೇಕಿತ್ತು. ಪ್ರತಿ ಪುಟದಲ್ಲೂ ಕೆಂಪು ಗೆರೆ ಎಳೆದು ಎರಡು ಕಾಲಂ: ‘ಕೊಟ್ಟದ್ದು’, ‘ಉಳಿದದ್ದು’. ನೆಲಹಾಸಿನ ಸಾಲಿಗೆ ಬೆರಳಿಟ್ಟು ಓದಿದರು. ಅಂಗಡಿಯವರು ಮೊದಲು ತೋರಿಸಿದ ಮಾರ್ಬಲ್ ಚದರ ಅಡಿಗೆ 450. ಇವರು ಕೊಂಡ ಗ್ರಾನೈಟ್ 180. ಉಳಿದದ್ದು 270. ಮನೆಯಿಂದ ಹೊರಡುವಾಗ ಅಂದುಕೊಂಡಿದ್ದು 70ರ ಟೈಲ್ಸ್. ಅದು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

ಬಗ್ಗಿ ನೋಡುತ್ತಿದ್ದ ಹೆಂಡತಿ ಕೇಳಿದರು: “ರೀ, ಇಷ್ಟೆಲ್ಲ ಉಳಿದಿದ್ದರೆ ನನ್ನ ಬಳೆಗಳೇಕೆ ಅಡವಿನಲ್ಲಿವೆ?”

ಗಂಡ ಸಿಟ್ಟಾಗಲಿಲ್ಲ. ‘ಉಳಿದದ್ದು’ ಕಾಲಮ್ಮಿನ ಮೇಲೆ ಅಂಗೈ ಮುಚ್ಚಿ, ಬರೀ ‘ಕೊಟ್ಟದ್ದು’ ಓದತೊಡಗಿದರು. ಆರನೆಯ ಸಾಲಿಗೆ ದನಿ ನಿಂತಿತು.

ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮನುಷ್ಯ ಇವರು. ಆದರೆ ‘ಮೂವತ್ತು ಲಕ್ಷದ ಮನೆಗೆ ಇಪ್ಪತ್ತು ಸಾವಿರ ಯಾವ ಲೆಕ್ಕ’ ಎಂಬ ಮೇಸ್ತ್ರಿಯ ಮಾತು ಸರಿಯೆನಿಸಿತ್ತು. 1981ರಲ್ಲಿ ಮನೋವಿಜ್ಞಾನಿಗಳಾದ ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಇಂಥದ್ದನ್ನೇ ಜನರಿಗೆ ಕೇಳಿದ್ದರು. 15 ಡಾಲರಿನ ಕ್ಯಾಲ್ಕುಲೇಟರ್ 5 ಡಾಲರ್ ಕಡಿಮೆಗೆ ಸಿಗುವುದಾದರೆ 20 ನಿಮಿಷ ದೂರದ ಅಂಗಡಿಗೆ ಹೋಗುತ್ತೇವೆ ಎಂದವರು ಶೇ. 68, ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್ ಎಂದಾಗ ಶೇ. 29 ಮಾತ್ರ. ಎರಡೂ ಕಡೆ ಉಳಿಯುತ್ತಿದ್ದುದು ಅದೇ 5 ಡಾಲರ್.

‘ಹಾಸಿಗೆ ಇದ್ದಷ್ಟು ಕಾಲು ಚಾಚಿ’ ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತೆಂದು ಸಹೋದ್ಯೋಗಿಯೊಬ್ಬರು ವಾದಿಸಿದರು, ಈಗಲೂ ಒಪ್ಪುವುದಿಲ್ಲ. ದೊಡ್ಡ ಬೆಲೆಯ ಪಕ್ಕದಲ್ಲಿ ನಿಂತಾಗ ಹಾಸಿಗೆಯೇ ಉದ್ದವಾಗಿ ಕಾಣುತ್ತದೆ. ಅದಕ್ಕೆ ಮನಸ್ಸನ್ನು ಬೈದು ಫಲವಿಲ್ಲ. ನಾನು ಬೈದಿದ್ದರೆ ಅವರು ಆ ಪುಸ್ತಕವನ್ನು ಮತ್ತೆ ತೆರೆಯುತ್ತಿರಲಿಲ್ಲ.

ಹಾಸಿದ ಗ್ರಾನೈಟನ್ನು ಕೀಳಲಾಗದು. ಗೇಟು, ಅಡುಗೆಮನೆಯ ಕಪಾಟು ಬಾಕಿ ಇದ್ದವು. ಅವುಗಳ ಮೊತ್ತವನ್ನು ಮನೆಯಲ್ಲೇ ಇಬ್ಬರೂ ಕೂತು ಬರೆದುಕೊಂಡು ಹೋಗಿ, ಅದಕ್ಕಿಂತ ಮೇಲಿನದನ್ನು ತೋರಿಸಲೇ ಬೇಡಿ ಎಂದು ಅಂಗಡಿಯವರಿಗೆ ಮೊದಲೇ ಹೇಳಿ ಎಂದೆ. ‘ಉಳಿದದ್ದು’ ಹೊಡೆದುಹಾಕಿ, ಅಲ್ಲಿ ‘ಎಷ್ಟು ದಿನದ ಸಂಬಳ’ ಎಂದು ಬರೆಯಿರಿ ಎಂದೂ ಹೇಳಿದೆ. ಮನೆಯ ಮೊತ್ತದ ಪಕ್ಕ ಎಲ್ಲವೂ ಚಿಕ್ಕದೇ. ಸಂಬಳದ ಪಕ್ಕ ಇಟ್ಟರೆ ತೂಕ ತಿಳಿಯುತ್ತದೆ.

ಮುಂದಿನ ತಿಂಗಳು ಪುಸ್ತಕ ತಂದಾಗ ಗೇಟಿನ ಸಾಲಿನಲ್ಲಿ ‘14 ದಿನ’ ಎಂದಿತ್ತು, ಹೆಂಡತಿಯ ಕೈಬರಹದಲ್ಲಿ. ಬಳೆ ಬಿಡಿಸಲು ಎಷ್ಟು ದಿನ ಬೇಕೆಂಬುದನ್ನು ಅದರ ಕೆಳಗೆ ಗಂಡ ಬರೆದಿದ್ದರು.