ನಳಿಕೆಯ ದಿಕ್ಕು ಮೊದಲ ವಾಕ್ಯದಲ್ಲೇ ಇರಲಿ

ಮಾನ್ಯರೇ,

ಐಮಂಗಲದ ಪೊಲೀಸ್ ತರಬೇತಿ ಶಾಲೆಯಲ್ಲಿ ಕಲಿತು ಈಗ ಚಿತ್ರದುರ್ಗದಲ್ಲಿ ಕೆಲಸ ಮಾಡುತ್ತಿರುವ ನೀವು, 7.62 ಮಿ.ಮೀ. ಎಸ್‌ಎಲ್‌ಆರ್ (ತಾನಾಗಿ ತೋಟೆ ತುಂಬಿಕೊಳ್ಳುವ) ರೈಫಲ್ ರೇಂಜಿನಲ್ಲಿ ಹಾರಿಸುವಾಗ ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಹೊಸ ಹುಡುಗರಿಗಾಗಿ ಬರೆದ ಲೇಖನ ತಲುಪಿದೆ. ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ. ಗುಂಡು ಹಾರಿದಾಗ ಹುಟ್ಟುವ ಗ್ಯಾಸ್ ಸಾಲದೆ ಬೋಲ್ಟ್ (ತೋಟೆ ಕೂರುವ ಚೇಂಬರನ್ನು ಮುಚ್ಚುವ ಭಾಗ) ಪೂರ್ತಿ ಹಿಂದಕ್ಕೆ ಹೋಗದಿರುವುದನ್ನೂ ಗ್ಯಾಸ್ ಹೆಚ್ಚುಕಡಿಮೆ ಮಾಡುವ ರೆಗ್ಯುಲೇಟರ್ ತಿರುಗಿಸಿ ಅದನ್ನು ಸರಿಪಡಿಸುವುದನ್ನೂ ಸ್ಪಷ್ಟವಾಗಿ ವಿವರಿಸಿದ್ದೀರಿ. ಆದರೆ ಮೂರನೆಯ ಪುಟ ನನ್ನನ್ನು ಕೆರಳಿಸಿತು; ಈ ಪತ್ರವೆಲ್ಲ ಅದರ ಬಗ್ಗೆಯೇ.

ಆ ಪುಟದ ಮೊದಲ ವಾಕ್ಯ: ‘ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಚೇಂಬರಿನೊಳಗೆ ನೋಡಬೇಕು, ಅದಕ್ಕೂ ಮುನ್ನ ನಳಿಕೆ ಗುರಿಯ ಕಡೆಗೇ ಇದೆಯೇ, ಬೆರಳು ಟ್ರಿಗರ್‌ನಿಂದ ಹೊರಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.’ ‘ಅದಕ್ಕೂ ಮುನ್ನ’ ಎಂಬಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಓದುಗ ಬೋಲ್ಟ್ ಎಳೆದಾಗಿದೆ. ಸಿಕ್ಕಿಕೊಂಡ ರೈಫಲನ್ನು ಕೈಯಲ್ಲಿ ಹಿಡಿದ ಹುಡುಗ ಅದನ್ನು ತನ್ನ ಕಡೆಗೆ ಅಥವಾ ಪಕ್ಕದವನ ಕಡೆಗೆ ತಿರುಗಿಸಿ ನೋಡುವುದು ಸಹಜ ಎಂಬುದು ನನಗಿಂತ ನಿಮಗೆ ಗೊತ್ತು. ಆದುದರಿಂದ ದಿಕ್ಕು, ಬೆರಳು, ಮ್ಯಾಗಜೀನ್, ಬೋಲ್ಟ್ ಎಂಬ ಕ್ರಮದಲ್ಲಿಯೇ ಬರೆಯಿರಿ.

ಮಂಡಿಪೇಟೆಯ ಮುದ್ರಣಾಲಯವೊಂದರಲ್ಲಿ ನಾನು ಕರಡು ತಿದ್ದಲು ಸೇರಿದಾಗ ಅಲ್ಲಿನ ಹಿರಿಯ ಸಂಪಾದಕರು ರೈತರಿಗಾಗಿ ಪಂಪ್‌ಸೆಟ್ ದುರಸ್ತಿಯ ಅಂಕಣ ನಡೆಸುತ್ತಿದ್ದರು. ಬಂದ ಲೇಖನವನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ಪ್ರತಿ ಕ್ರಿಯಾಪದಕ್ಕೂ ತಡೆದು, ‘ಈಗ ನನ್ನ ಕೈ ಎಲ್ಲಿದೆ ಹೇಳು’ ಎನ್ನುತ್ತಿದ್ದರು. ಸ್ಟಾರ್ಟರ್ ಮುಚ್ಚಳ ಬಿಚ್ಚಿದ ಮೇಲೆ ಮೇನ್ ಸ್ವಿಚ್ಚಿನ ಮಾತು ಬಂದರೆ ಲೇಖನ ಅಲ್ಲಿಂದಲೇ ವಾಪಸ್ಸು ಹೋಗುತ್ತಿತ್ತು, ಬರೆದವರು ಎಷ್ಟೇ ದೊಡ್ಡವರಾಗಿರಲಿ. ಇಂದಿಗೂ ನಾನು ಇಂಥ ಬರಹವನ್ನು ಹಾಗೆಯೇ ಓದುತ್ತೇನೆ.

ಮುಂದಿನ ಸಾಲು: ‘ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ಕೂಡಲೇ ಬೋಲ್ಟ್ ಎಳೆದು ತೋಟೆಯನ್ನು ಹೊರಹಾಕಬೇಕು.’ ಕಾಳಗದಲ್ಲಿ ಸರಿ. ಅಭ್ಯಾಸದ ರೇಂಜಿನಲ್ಲಿ ಈ ‘ಕೂಡಲೇ’ ಅಪಾಯಕಾರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು, ಆಗ ಬೋಲ್ಟ್ ತೆರೆದಿದ್ದರೆ ತೋಟೆ ಮುಖದ ಬಳಿಯೇ ಸಿಡಿಯುತ್ತದೆ. ನಳಿಕೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕೆಂಬುದನ್ನು ಸೇರಿಸಿ. ಸತತವಾಗಿ ಹಾರಿಸಿ ನಳಿಕೆ ಕಾದಿದ್ದರೆ ಚೇಂಬರಿನ ಶಾಖಕ್ಕೇ ತೋಟೆ ಹೊತ್ತಿಕೊಳ್ಳಬಹುದಾದ್ದರಿಂದ ಆ ಲೆಕ್ಕ ಬೇರೆ. ಅಲ್ಲಿ ರೇಂಜ್ ಅಧಿಕಾರಿಯ ಆದೇಶದಂತೆಯೇ ನಡೆಯಬೇಕೆಂದೂ ಬರೆಯಿರಿ.

ಮೂರನೆಯದಂತೂ ಅಚ್ಚಾಗಲು ನಾನು ಬಿಡುವುದಿಲ್ಲ: ‘ಟಪ್ ಎಂಬ ಸಣ್ಣ ಸದ್ದು ಮಾತ್ರ ಬಂದು ರೈಫಲ್ ನಿಂತರೆ ಮತ್ತೆ ಕಾಕ್ ಮಾಡಿ ಮುಂದುವರಿಯಬೇಕು.’ ಸದ್ದೂ ಒದೆತವೂ ಕಡಿಮೆಯಾಗಿದ್ದರೆ ಗುಂಡು ನಳಿಕೆಯೊಳಗೇ ಉಳಿದಿರಬಹುದು. ಸಾಕಷ್ಟು ಗ್ಯಾಸ್ ಇಲ್ಲದೆ ರೈಫಲ್ ಮುಂದಿನ ತೋಟೆಯನ್ನು ತಾನಾಗಿ ತುಂಬಿಕೊಳ್ಳದಿರುವಾಗ, ಕಾಕ್ ಮಾಡಿ, ಎಂದರೆ ಬೋಲ್ಟ್ ಎಳೆದುಬಿಟ್ಟು, ಅದನ್ನು ತುಂಬುವ ಕೈ ನಿಮ್ಮ ಓದುಗನದೇ. ಆ ಮೇಲೆ ಹಾರುವ ಗುಂಡಿಗೆ ದಾರಿಯಿಲ್ಲದೆ ನಳಿಕೆ ಬಿರಿಯಬಹುದು. ಇಲ್ಲಿ ‘ನಿಲ್ಲಿಸಿ’ ಎಂಬ ಮಾತು ಮೊದಲು ಬರಬೇಕು. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ನಳಿಕೆಯನ್ನು ಪರೀಕ್ಷಿಸುವವರೆಗೆ ಆ ರೈಫಲಿನಿಂದ ಇನ್ನೊಂದು ಗುಂಡು ಹಾರಬಾರದು.

ಕೊನೆಗೆ, ‘ಸಿಕ್ಕಿಬಿದ್ದ ಕೇಸನ್ನು ನಳಿಕೆಯ ಬಾಯಿಂದ ಸಲಾಕೆ ಹಾಕಿ ತಳ್ಳಬೇಕು; ಸೂಕ್ತ ಎಚ್ಚರಿಕೆ ಅಗತ್ಯ.’ ಯಾವ ಎಚ್ಚರಿಕೆ? ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರ್ ಅಂಚನ್ನು ಹರಿದುಬಿಟ್ಟ ಖಾಲಿ ಕೇಸ್ (ಹಾರಿದ ತೋಟೆಯ ಕವಚ) ಒಂದು ಬಗೆ, ಹಾರದ ಜೀವಂತ ತೋಟೆ ಇನ್ನೊಂದು. ಎರಡನೆಯದಕ್ಕೆ ಸಲಾಕೆ ಹಿಡಿದವನು ತನ್ನ ಕೈಯನ್ನೇ ಗುಂಡಿನ ಎದುರಿಗೆ ಇಟ್ಟಂತೆ. ಎರಡನ್ನೂ ಬೇರ್ಪಡಿಸಿ, ಜೀವಂತ ತೋಟೆ ಬೋಲ್ಟ್ ಎಳೆದರೂ ಹೊರಬರದಿದ್ದರೆ ರೈಫಲನ್ನು ಆರ್ಮರರ್ (ಶಸ್ತ್ರ ದುರಸ್ತಿ ಮಾಡುವವರು) ಬರುವವರೆಗೆ ಗುರಿಯ ಕಡೆಗೇ ಬಿಡಬೇಕೆಂದು ನೇರವಾಗಿ ಹೇಳಿ.

ಈ ಪುಟವನ್ನು ಮತ್ತೆ ಬರೆದು, ನಿಮ್ಮ ಆರ್ಮರರ್ ಒಬ್ಬರ ಮುಂದೆ ಗಟ್ಟಿಯಾಗಿ ಓದಿ, ಅವರು ತಡೆದ ಕಡೆಯೆಲ್ಲ ತಿದ್ದಿ ಕಳುಹಿಸಿ. ಅಲ್ಲಿಯವರೆಗೆ ಉಳಿದ ಪುಟಗಳನ್ನು ನನ್ನ ಬಳಿಯೇ ಇಟ್ಟುಕೊಂಡಿರುತ್ತೇನೆ.

ಸಂಪಾದಕ, ದಾವಣಗೆರೆ