ಎಲ್ಲರೂ ನಕ್ಕಾಗ ಅಮ್ಮ ಯಾಕೆ ಅತ್ತರು?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದ ಒಪ್ಪಿಗೆ ಇದೆ.)

ಮಂಡ್ಯ ಹತ್ತಿರದ ಒಂದು ಬೀಗರೂಟ. ಊಟ ಮುಗಿಸಿ ನೆಂಟರು ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂತಿದ್ದರು. ಗಂಡ ಒಂದು ಪ್ರಸಂಗ ಶುರು ಮಾಡಿದರು. "ನಮ್ಮನೆಯವಳು ಮಗನ ಸ್ಕೂಲ್ ಡಬ್ಬಿಗೆ ಏನ್ ಹಾಕ್ಕೊಟ್ಟಿದ್ಲು ಗೊತ್ತಾ? ನೆನೆಹಾಕಿದ ಹುರುಳಿಕಾಳು! ಮೈಸೂರು ರೇಸಿಗೆ ಬಿಡೋ ಐಡಿಯಾ ಇತ್ತೇನೋ." ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಅಮ್ಮ ಮಾತ್ರ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತರು. ನಗು ನಿಂತಿತು. "ತಮಾಷೆಗೂ ಅಳ್ತಾರಾ?" ಅಂತ ಯಾರೋ ಅಂದರು. ಆ ಮಾತು ಇನ್ನೂ ಚುಚ್ಚಿತು.

ಮಾರನೇ ವಾರ ಆಕೆ ಆಪ್ತಸಮಾಲೋಚನೆಗೆ ಅಂತ ಮೈಸೂರಿಗೆ ಬಂದು ನನ್ನೆದುರು ಕೂತರು. ವಯಸ್ಸು 31. ದೊಡ್ಡ ಮಗನಿಗೆ 4 ವರ್ಷ, ಮಗಳಿಗೆ 11 ತಿಂಗಳು. ಮೊದಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ಎರಡನೇ ಹೆರಿಗೆಗೆ ಕೆಲಸ ಬಿಟ್ಟರು. ಗಂಡ ದಿನಾ ಬೆಳಿಗ್ಗೆ ರೈಲಲ್ಲಿ ಮೈಸೂರಿನ ಕಾರ್ಖಾನೆಗೆ ಹೋಗಿ ರಾತ್ರಿ ಬರುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ.

ಆಕೆ ಕೇಳಿದ್ದು ಇಷ್ಟೇ: "ನಾನು ಕಾಲೇಜಲ್ಲಿ ಎಲ್ಲರನ್ನೂ ನಗಿಸ್ತಿದ್ದವಳು ಮೇಡಂ. ಈಗ ನಗು ಬರೋದೇ ಇಲ್ಲ. ಎಲ್ಲರೂ ನಗ್ತಾ ನಗ್ತಾ ಮಕ್ಕಳನ್ನ ಬೆಳೆಸು ಅಂತಾರೆ. ನನಗೇನಾಗಿದೆ?"

ನಗ್ತಾ ಇರು ಅನ್ನುವುದು ಸಲಹೆಯೇ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಸೋತು ಕೂತವಳ ತಲೆ ಮೇಲೆ ಅದು ಇನ್ನೊಂದು ಕೆಲಸ ಹೊರಿಸುತ್ತದೆ. ನಗು ಯಾಕೆ ಹೋಯಿತು ಅಂತ ಮೊದಲು ನೋಡಬೇಕು.

ಹೆರಿಗೆಯಾದ ತಾಯಂದಿರ ಮನಸ್ಸಿನ ಸ್ಥಿತಿ ತಿಳಿಯಲು ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. 1987ರಿಂದ ಬಳಕೆಯಲ್ಲಿದೆ. ಕಳೆದ 7 ದಿನ ಹೇಗಿದ್ದಿರಿ ಅಂತ 10 ಪ್ರಶ್ನೆ ಕೇಳುತ್ತದೆ. ಅದರ ಮೊದಲನೇ ಪ್ರಶ್ನೆಯೇ ನಗುವಿನದು! ನಗಲು, ನಡೆದದ್ದರಲ್ಲಿ ತಮಾಷೆ ಕಾಣಲು ನಿಮಗೆ ಆಗುತ್ತಿದೆಯಾ ಅಂತ ಕೇಳುತ್ತದೆ. ಭಯ, ನಿದ್ದೆ, ಅಳು ಎಲ್ಲ ಆಮೇಲೆ ಬರುತ್ತವೆ. ತಾಯಿಯ ನಗುವನ್ನು ಅಷ್ಟು ಗಂಭೀರವಾಗಿ ತಗೊಂಡಿದ್ದಾರೆ ಅನ್ನುವುದೇ ನನಗೆ ಇಷ್ಟ. ನಮ್ಮಲ್ಲಿ ಬಾಣಂತಿಗೆ ಹಾಲು ಬಂತಾ, ಸೊಂಟ ನೋವು ಹೋಯ್ತಾ ಅಂತ ಹತ್ತು ಜನ ಕೇಳುತ್ತಾರೆ. ನಗು ಬರುತ್ತಿದೆಯಾ ಅಂತ ಯಾರು ಕೇಳುತ್ತಾರೆ?

ಆಕೆ ಮೊದಲನೇ ಪ್ರಶ್ನೆಗೆ ಆರಿಸಿದ್ದು 'ಖಂಡಿತ ಮೊದಲಿನಷ್ಟಿಲ್ಲ' ಅನ್ನುವ ಉತ್ತರವನ್ನು. ಒಟ್ಟು 30ಕ್ಕೆ 11 ಬಂತು. 13 ಅಥವಾ ಜಾಸ್ತಿ ಬಂದರೆ ಖಿನ್ನತೆಯ ಅನುಮಾನ ಬಲವಾಗುತ್ತದೆ. 10 ಬಂದರೂ ಬಿಟ್ಟುಬಿಡುವ ಹಾಗಿಲ್ಲ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂತಾ ಅನ್ನುವುದು. ಅದಕ್ಕೆ ಹೌದು ಅಂದರೆ ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಮನೋವೈದ್ಯರನ್ನು ಕಾಣಲೇಬೇಕು. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈಕೆ ಕೊನೆಯ ಪ್ರಶ್ನೆಗೆ 'ಎಂದೂ ಇಲ್ಲ' ಅಂದರು. ಆದರೂ ವೈದ್ಯರ ಹತ್ತಿರ ಕಳಿಸಿದೆ. ಹೆರಿಗೆಯ ಮೊದಲ ಎರಡು ವಾರ ಸುಮ್ಸುಮ್ನೆ ಕಣ್ಣೀರು ಬರುವುದು ಸಾಮಾನ್ಯ, ತಾನಾಗಿ ಇಳಿಯುತ್ತದೆ. 11 ತಿಂಗಳಾದ ಮೇಲೂ ಹೀಗಿದ್ದರೆ ಮೈಯನ್ನೂ ನೋಡಬೇಕು.

ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.6 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು, ರಾತ್ರಿ ಮೂರು ನಾಲ್ಕು ಸಲ ಎದ್ದು, ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದರು. ಖಿನ್ನತೆ ಅನ್ನುವಷ್ಟು ಇಲ್ಲ, ಆದರೆ ಗಮನ ಇಟ್ಟಿರಿ ಅಂತ ಮನೋವೈದ್ಯರು ಹೇಳಿದರು. ಕಬ್ಬಿಣದ ಮಾತ್ರೆ ಶುರುವಾಯಿತು.

ಹುರುಳಿಕಾಳಿನ ಹಿಂದಿನ ರಾತ್ರಿ ಮಗಳಿಗೆ ಜ್ವರ ಇತ್ತಂತೆ. ಕಟ್ಟೆ ಮೇಲೆ ಎರಡು ಒಂದೇ ಥರದ ಸ್ಟೀಲ್ ಡಬ್ಬಿ. ಒಂದರಲ್ಲಿ ಚಿತ್ರಾನ್ನ, ಇನ್ನೊಂದರಲ್ಲಿ ಬಸ್ಸಾರಿಗೆ ನೆನೆಹಾಕಿದ ಹುರುಳಿ. ನಿದ್ದೆಗಣ್ಣಲ್ಲಿ ಕೈ ತಪ್ಪಿತು. ಗಂಡ ಬೀಗರೂಟದಲ್ಲಿ ಜ್ವರದ ವಿಷಯ ಹೇಳಲಿಲ್ಲ. ಆ ರಾತ್ರಿ ಅವರು ಪಕ್ಕದ ರೂಮಲ್ಲಿ ಮಲಗಿದ್ದರು ಅನ್ನುವುದನ್ನೂ ಹೇಳಲಿಲ್ಲ. ಆಕೆ ಅತ್ತದ್ದು ಅದಕ್ಕೆ. ಪಟ್ಟ ಕಷ್ಟವೆಲ್ಲ ಆಕೆಯದು. ಅದನ್ನು ಕತೆ ಮಾಡಿ ಹೇಳುವಾಗ ಮಾತ್ರ ಆಕೆ ಪೆದ್ದಿ!

ತಮಾಷೆಯಲ್ಲೂ ಬೇರೆ ಬೇರೆ ಬಗೆ ಇದೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಅವರ ಸಂಗಡಿಗರು 2003ರಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸಿದರು. ಎಲ್ಲರನ್ನೂ ಹತ್ತಿರ ತರುವ ನಗು ಒಂದು. ಕಷ್ಟದಲ್ಲಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುವ ನಗು ಇನ್ನೊಂದು. ಇವೆರಡೂ ಮನಸ್ಸಿಗೆ ಒಳ್ಳೆಯವು. ಬೇರೆಯವರನ್ನು ಚುಚ್ಚಿ ನಗುವುದು ಮೂರನೆಯದು. ತನ್ನನ್ನೇ ಕೀಳು ಮಾಡಿಕೊಂಡು ಬೇರೆಯವರನ್ನು ನಗಿಸುವುದು ನಾಲ್ಕನೆಯದು. ಈ ನಾಲ್ಕನೆಯದು ನಮ್ಮ ತಾಯಂದಿರಲ್ಲಿ ಬಹಳ. ಈಕೆಯೂ ಅಕ್ಕಪಕ್ಕದವರ ಹತ್ತಿರ "ನಾನೊಬ್ಬಳು ದಂಡಪಿಂಡ ಅಮ್ಮ" ಅಂತ ಹೇಳಿಕೊಂಡು ನಗುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತಿದ್ದರು. ಆ ಮಾತನ್ನು ಇನ್ನು ಮೇಲೆ ತಮಾಷೆಗೂ ಆಡಬೇಡಿ ಅಂತ ಹೇಳಿದೆ. ಕೇಳುತ್ತಾ ಕೂತ ನಾಲ್ಕು ವರ್ಷದ ಮಗನಿಗೆ ಅದು ತಮಾಷೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಎರಡನೇ ಸಲ ಬಂದಾಗ ಆಕೆ ತಲೆ ತಗ್ಗಿಸಿಕೊಂಡು ಒಂದು ಮಾತು ಹೇಳಿದರು. "ಒಂದೊಂದ್ಸಲ ಮಕ್ಕಳನ್ನ ಕಂಡ್ರೇ ಆಗಲ್ಲ ಮೇಡಂ. ಎಲ್ಲಾದ್ರೂ ಓಡಿಹೋಗೋಣ ಅನ್ಸುತ್ತೆ." ಹೇಳಿದ ತಕ್ಷಣ ಬಾಯಿಗೆ ಸೆರಗು ಹಿಡಿದರು.

ನಾನು ವಿನಿಕಾಟ್ ಅವರ ವಿಷಯ ಹೇಳಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ಡಾಕ್ಟರಾಗಿ, ಮನೋವಿಶ್ಲೇಷಕರಾಗಿ ಹೆಸರು ಮಾಡಿದವರು. ಒಬ್ಬ ತಾಯಿಗೆ ತನ್ನ ಕೂಸಿನ ಮೇಲೆ ಯಾಕೆ ಸಿಟ್ಟು ಬರುತ್ತದೆ, ದ್ವೇಷವೂ ಯಾಕೆ ಬರುತ್ತದೆ ಅಂತ 1949ರಲ್ಲೇ ಕಾರಣಗಳನ್ನು ಪಟ್ಟಿ ಮಾಡಿದರು. ತಾಯಂದಿರ ಮೇಲಿನ ಗೌರವದಿಂದಲೇ ಬರೆದದ್ದು. ಕೂಸು ಆಕೆಯನ್ನು ಸಂಬಳವಿಲ್ಲದ ಆಳಿನ ಹಾಗೆ ನಡೆಸಿಕೊಳ್ಳುತ್ತದೆ ಅನ್ನುವುದು ಅದರಲ್ಲಿದೆ. ಅಮ್ಮ ಕೊಟ್ಟ ಒಳ್ಳೇ ಊಟ ಬೇಡ ಅನ್ನುತ್ತದೆ, ಆಕೆಗೆ ತನ್ನ ಮೇಲೇ ಅನುಮಾನ ಬರಿಸುತ್ತದೆ, ಆದರೆ ಚಿಕ್ಕಮ್ಮ ಕೊಟ್ಟರೆ ಚೆನ್ನಾಗಿ ತಿನ್ನುತ್ತದೆ ಅನ್ನುವುದೂ ಇದೆ.

ಆಕೆ ತಟ್ಟನೆ ತಲೆ ಎತ್ತಿದರು. "ಅಯ್ಯೋ! ನನ್ನ ಮಗ ಪಾಂಡವಪುರದಲ್ಲಿ ನಮ್ಮ ತಂಗಿ ಮನೆಗೆ ಹೋದ್ರೆ ಒಂದು ಇಡೀ ಮುದ್ದೆ ಉಣ್ತಾನೆ. ನಾನು ತಟ್ಟೆ ತಂದ್ರೆ ಮಂಚದ ಕೆಳಗೆ ಸೇರ್ಕೋತಾನೆ!" ಅಂದವರೇ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಲ್ಲಿಯೋ ಇಂಗ್ಲೆಂಡಿನ ತಾಯಿಗೂ ಇದೇ ಗೋಳು ಅಂತ ತಿಳಿದದ್ದೇ ಸಾಕಾಯಿತು. ತಪ್ಪು ನನ್ನೊಬ್ಬಳದೇ ಅನ್ನುವ ಭಯ ಸ್ವಲ್ಪ ಸಡಿಲವಾಯಿತು. ಭಯ ಇರುವ ಕಡೆ ನಗು ಬರುವುದಿಲ್ಲ. ಅದಕ್ಕೇ ನಗಿಸುವ ಬದಲು ಒಂದೊಂದೇ ಭಯ ಇಳಿಸುವ ಕೆಲಸ ಹಿಡಿದೆವು.

ಮಗ ತಿನ್ನುವುದಿಲ್ಲ ಅನ್ನುವುದು ದೊಡ್ಡ ಭಯ. ಮೊದಲ ವರ್ಷ ಕೂಸಿನ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ. ಎರಡು ವರ್ಷ ಕಳೆದ ಮೇಲೆ ವರ್ಷಕ್ಕೆ ಸುಮಾರು 2 ಕೆಜಿ ಮಾತ್ರ ಏರುತ್ತದೆ. ಹಾಗಾಗಿ ಹಸಿವೂ ಕಮ್ಮಿ. ಹೊಸ ರುಚಿ ಬೇಡ ಅನ್ನುವುದೂ ಈ ವಯಸ್ಸಿಗೆ ಸಹಜ. ಅಂಗನವಾಡಿಯಲ್ಲಿ ತೂಕ ನೋಡಿಸಿಕೊಂಡು ಬಂದರು, ಸರಿಯಿತ್ತು. ಮಗಳು ಚಮಚ ಎತ್ತಿ ಎತ್ತಿ ಬಿಸಾಡುತ್ತಾಳೆ, ಹಠ ಜಾಸ್ತಿ ಅನ್ನುವುದು ಇನ್ನೊಂದು ದೂರು. 11 ತಿಂಗಳ ಕೂಸಿಗೆ ಅದು ಹಠವಲ್ಲ. ಬಿಟ್ಟರೆ ಎಲ್ಲಿಗೆ ಹೋಗುತ್ತದೆ, ಯಾರು ಎತ್ತಿಕೊಡುತ್ತಾರೆ ಅಂತ ಕಲಿಯುವ ಬಗೆ. ಮಗ ಮಾತುಮಾತಿಗೆ 'ಕಕ್ಕ' ಅಂದು ಬಿದ್ದು ಬಿದ್ದು ನಗುವುದೂ ನಾಲ್ಕರ ವಯಸ್ಸಿನ ತಮಾಷೆ. ಬೈಯುವುದೂ ಬೇಡ, ಚಪ್ಪಾಳೆ ತಟ್ಟುವುದೂ ಬೇಡ, ತಾನಾಗಿ ಹೋಗುತ್ತದೆ ಅಂದೆ.

ಮುಂದಿನ ಭೇಟಿಗೆ ಅತ್ತೆಯನ್ನೂ ಕರೆದುಕೊಂಡು ಬರಲು ಹೇಳಿದ್ದೆ. ಸೊಸೆಗೆ ಹಿಂಜರಿಕೆ ಇತ್ತು. ಅತ್ತೆ ಬಂದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ತಾವಾಗಿಯೇ ಬಾಯಿ ಬಿಟ್ಟರು.

"ಇವಳ ಗಂಡ ನಾಕು ವರ್ಷದವನಿದ್ದಾಗ ಒಂದಿನ ಕಾಣೆಯಾದ. ಊರೆಲ್ಲಾ ಹುಡುಕಿದ್ವಿ. ನಾಲೆ ತಾವ ಓಡೋದ್ರು. ನಾನು ಎದೆ ಬಡ್ಕೊಂಡು ಅತ್ತೆ. ಸಂಜೆಗೆ ನೋಡಿದ್ರೆ ಹಿತ್ತಲಲ್ಲಿ ಅಡ್ಡ ಬಿದ್ದಿದ್ದ, ಕಾಳು ತುಂಬೋ ಹಳೇ ಮಣ್ಣಿನ ವಾಡೆ ಒಳಗೆ ಮಲಗವ್ನೆ! ಎದ್ದು ಬಂದು 'ಅವ್ವ, ಹೊಟ್ಟೆ ಹಸೀತೈತೆ' ಅಂದ."

ಸೊಸೆ ನಕ್ಕರು. ಅತ್ತೆಯೂ ನಕ್ಕರು. "ಇದನ್ನ ಯಾಕೆ ಯಾವತ್ತೂ ಹೇಳಿರಲಿಲ್ಲ ಅತ್ತೆ?" ಅಂತ ಸೊಸೆ ಕೇಳಿದಾಗ ಅವರು ಹೇಳಿದ್ದು: "ಆಗ ನಗಾಕೆ ಯಾರು ಬುಟ್ರವ್ವ? ನಗೋ ಹೆಂಗಸನ್ನ ನಂಬಬಾರದು ಅನ್ನೋರು. ಮಗೀನ ನೋಡ್ಕೊಳ್ಳಾಕೆ ಬರದೋಳು ಅಂತ ನಮ್ಮತ್ತೆ ಆರು ತಿಂಗಳು ಆಡ್ಕೊಂಡ್ರು."

ಈ ಗಾದೆ ನಾವೆಲ್ಲ ಕೇಳಿದ್ದೇವೆ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಅಂತ. ಅದು ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರ ಬಾಯಿ ಮುಚ್ಚಿಸಿದೆಯೋ! ಹೆಂಗಸು ನಕ್ಕರೆ ಜವಾಬ್ದಾರಿ ಇಲ್ಲ ಅನ್ನುತ್ತಾರೆ, ಅತ್ತರೆ ತಮಾಷೆ ಗೊತ್ತಾಗಲ್ಲ ಅನ್ನುತ್ತಾರೆ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟ ಆಗುತ್ತದೆ.

ಅವತ್ತು ಇಬ್ಬರಿಗೂ ಒಂದು ಕೆಲಸ ಕೊಟ್ಟೆ. ಮಕ್ಕಳು ಮಲಗಿದ ಮೇಲೆ ಹಗಲು ನಡೆದ ಒಂದು ಪೇಚಾಟವನ್ನು ಸೊಸೆ ಅತ್ತೆಗೆ ಕತೆ ಥರ ಹೇಳಬೇಕು. ಅತ್ತೆ ತಿದ್ದಬಾರದು, "ಹಂಗ್ಯಾಕೆ ಮಾಡ್ದೆ" ಅನ್ನಬಾರದು. ನಗು ಬಂದರೆ ನಗಬೇಕು. ಬರದಿದ್ದರೆ ಸುಮ್ನೆ ಹೂಂಗುಟ್ಟಿದರೂ ಸಾಕು. ಜ್ವರ, ಬಿದ್ದ ಪೆಟ್ಟಿನಂಥ ವಿಷಯಗಳಿಗೆ ಅವತ್ತೇ ನಗಬೇಕಿಲ್ಲ. ವಾಡೆಯ ಕತೆಗೆ ನಗು ಬರಲು ಇಷ್ಟು ವರ್ಷ ಹಿಡಿಯಿತು. ಒಂದು ಎಚ್ಚರಿಕೆಯನ್ನೂ ಹೇಳಿದೆ. ಮಗನ ಭಯ, ಹಾಸಿಗೆ ಒದ್ದೆ ಮಾಡಿಕೊಂಡದ್ದು, ಅಳುವ ಮುಖ, ಇವು ತಮಾಷೆಯ ಸರಕಲ್ಲ. ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ. ಅವನಿಗೆ ಹತ್ತು ವರ್ಷ ಆದಾಗ ಅವನೆದುರಿಗೇ ಇದನ್ನು ಹೇಳಬಹುದಾ ಅಂತ ಕೇಳಿಕೊಳ್ಳಿ ಅಂದೆ.

ಗಂಡ ಕೊನೆಗೆ ಬಂದರು. ಒಳ್ಳೆಯ ಮನುಷ್ಯ. "ನಾನು ಪ್ರೀತಿಯಿಂದಲೇ ಹೇಳಿದ್ದು" ಅಂದರು. ನಂಬಿದೆ. ಆ ರಾತ್ರಿ ಮಗಳ ಜ್ವರ ಎಷ್ಟಿತ್ತು ಅಂತ ಕೇಳಿದೆ. ಗೊತ್ತಿರಲಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹೆಂಡತಿಯ ಕತೆಯನ್ನು ನಾಲ್ಕು ಜನರ ಮುಂದೆ ಹೇಳುವ ಮೊದಲು ಆಕೆಯನ್ನು ಕೇಳಬೇಕು, ಇಲ್ಲವೇ ಆಕೆಗೇ ಹೇಳಲು ಬಿಡಬೇಕು ಅಂತ ಮಾತಾಯಿತು. ನಿದ್ದೆಯದ್ದು ಅದಕ್ಕಿಂತ ಮುಖ್ಯ. ಮಗಳಿಗೆ ಹಾಲು ಕೊಟ್ಟು ಆಕೆ ಒಂಬತ್ತಕ್ಕೆ ಮಲಗುತ್ತಾರೆ. ರಾತ್ರಿ 9ರಿಂದ 2ರವರೆಗೆ ಕೂಸು ಎದ್ದರೆ ಅಪ್ಪನದೇ ಪಾಲು. ಮಗನ ಡಬ್ಬಿಯೂ ಅಪ್ಪನದೇ. ಐದು ಗಂಟೆ ಒಂದೇ ಸಮನೆ ಮಲಗಿದರೆ ಆಗುವ ಉಪಕಾರ ನನ್ನ ಯಾವ ಮಾತಿನಿಂದಲೂ ಆಗುವುದಿಲ್ಲ.

ಮೊದಲ ವಾರ ತೂಕಡಿಸಿಕೊಂಡು ರೈಲು ಹತ್ತಿದ ಗಂಡ ತಮ್ಮ ಬುತ್ತಿಯ ಬದಲು ಮಗನ ಡಬ್ಬಿ ತಗೊಂಡು ಹೋಗಿದ್ದರಂತೆ. ಮಧ್ಯಾಹ್ನ ತೆಗೆದರೆ ಎರಡು ಪುಟ್ಟ ದೋಸೆ, ಒಂದು ಬಾಳೆಹಣ್ಣು. ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿ ನಕ್ಕರು. ಆಗ ಆಕೆ ತಾವಾಗಿಯೇ ಹುರುಳಿಕಾಳಿನ ಉಳಿದರ್ಧ ಕತೆ ಹೇಳಿದರಂತೆ. ಮಗ ಅವತ್ತು ತರಗತಿಯಲ್ಲಿ ಕಾಳನ್ನೆಲ್ಲ ಪ್ರಸಾದದ ಹಾಗೆ ಹಂಚಿ, ಮನೆಗೆ ಬಂದು "ಅಮ್ಮ, ಎಲ್ಲಾ ಖಾಲಿಯಾಯ್ತು, ನಾಳೆಗೂ ಅದೇ ಹಾಕು" ಅಂದಿದ್ದನಂತೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಎರಡು ತಿಂಗಳ ಮೇಲೆ ಪ್ರಶ್ನಾವಳಿ ಮತ್ತೆ ತುಂಬಿಸಿದೆ. ಅಂಕ 5ಕ್ಕೆ ಇಳಿದಿದೆ. ಹಿಮೋಗ್ಲೋಬಿನ್ ಏರುತ್ತಿದೆ, ಮಾತ್ರೆ ಇನ್ನೂ ಕೆಲವು ತಿಂಗಳು ನಿಲ್ಲಿಸಬಾರದು. ಈಗ ಉಳಿದಿರುವುದು ಕೆಲಸದ ಮಾತು. ಜೂನ್‌ನಿಂದ ಶಾಲೆಗೆ ಮರಳಬೇಕು ಅಂತ ಆಕೆಗೆ ಆಸೆ. ಹಗಲು ಮಗಳನ್ನು ಒಬ್ಬರೇ ಹಿಡಿಯಲು ಮಂಡಿನೋವಿನ ಅತ್ತೆಗೆ ಆಗುವುದಿಲ್ಲ. ಗಂಡ ಪಾಳಿ ಬದಲಿಸಿಕೊಳ್ಳುವ ವಿಚಾರ ಕಾರ್ಖಾನೆಯಲ್ಲಿ ಕೇಳಬೇಕಿದೆ. ಮೂವರೂ ಕೂತು ಮಾತಾಡಿ, ಒಂದು ತೀರ್ಮಾನಕ್ಕೆ ಬಂದು, ಮುಂದಿನ ಸಲ ಒಟ್ಟಿಗೇ ಬನ್ನಿ ಅಂತ ಹೇಳಿದ್ದೇನೆ.