ಎಡ್ಮಂಟನ್ ಎಲ್ಕ್ಸ್ ತಂಡದ 2022ರ ಋತು ಅಷ್ಟು ಕೆಟ್ಟದಾಗಿ ಹೋದದ್ದೇಕೆ?

ಕೆನಡಿಯನ್ ಫುಟ್‌ಬಾಲ್ ಲೀಗ್‌ನಲ್ಲಿ (ಇದು ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್ ಹೋಲುವ ಆಟ) ಎಡ್ಮಂಟನ್ ಆ ವರ್ಷ ಆಡಿದ್ದು 18 ಪಂದ್ಯ, ಗೆದ್ದದ್ದು 4. ಆ ನಾಲ್ಕೂ ಪರರ ಅಂಗಳದಲ್ಲಿ. ತವರಿನ ಕಾಮನ್‌ವೆಲ್ತ್ ಕ್ರೀಡಾಂಗಣದಲ್ಲಿ ಒಂಬತ್ತಕ್ಕೆ ಒಂಬತ್ತೂ ಸೋಲು. 1978ರಿಂದ 1982ರವರೆಗೆ ಲೀಗ್‌ನ ಚಾಂಪಿಯನ್ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಸತತ ಐದು ಬಾರಿ ಗೆದ್ದ ತಂಡಕ್ಕೆ ಈ ಗತಿ ಬಂದದ್ದು ನಿಜಕ್ಕೂ ಸಂಕಟದ ವಿಷಯ.

ನನ್ನ ಪ್ರಕಾರ ಮುಖ್ಯ ಕಾರಣ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ಮುನ್ನಡೆಸುವ ಆಟಗಾರ) ಸ್ಥಾನದಲ್ಲಿ ಸ್ಥಿರತೆ ಇಲ್ಲದಿದ್ದುದು. ಅಮೆರಿಕನ್ ಆಟದಲ್ಲಿ ಹತ್ತು ಗಜ ಸಾಗಲು ನಾಲ್ಕು ಯತ್ನಗಳಿದ್ದರೆ ಕೆನಡಾದಲ್ಲಿ ಮೂರೇ. ಒಂದು ಎಸೆತ ಗುರಿ ತಪ್ಪಿದರೂ ಚೆಂಡು ಬಿಟ್ಟುಕೊಡುವ ಸ್ಥಿತಿ ಹತ್ತಿರವಾಗುತ್ತದೆ. ಅಂಥ ಆಟದಲ್ಲಿ ನಿಕ್ ಆರ್ಬಕಲ್ ಋತು ಆರಂಭಿಸಿದರು. ಮೊದಲ ಪಂದ್ಯದಲ್ಲೇ ಬಿ.ಸಿ. ಲಯನ್ಸ್ ಎದುರು 59–15ರ ಸೋಲು. ಹೊಸಬ ಟ್ರೇ ಫೋರ್ಡ್ ಹ್ಯಾಮಿಲ್ಟನ್‌ನಲ್ಲಿ ಗೆಲ್ಲಿಸಿ ಆಸೆ ಹುಟ್ಟಿಸಿದರು, ಬೆನ್ನಲ್ಲೇ ಗಾಯಗೊಂಡರು. ಉಳಿದ ಹೊರೆ ಬಹುಪಾಲು ಟೇಲರ್ ಕಾರ್ನೀಲಿಯಸ್ ಹೆಗಲಿಗೆ ಬಿತ್ತು. ಕ್ರಿಸ್ ಜೋನ್ಸ್ ಒಬ್ಬರೇ ಮುಖ್ಯ ತರಬೇತುದಾರರೂ ಜನರಲ್ ಮ್ಯಾನೇಜರೂ ಆಗಿದ್ದರು. ಆಟಗಾರರ ಬದಲಾವಣೆಗೆ ಕೊನೆಯೇ ಇರಲಿಲ್ಲ. ಹೀಗಿರುವಾಗ ಹೊಂದಾಣಿಕೆ ಬರುವುದಾದರೂ ಹೇಗೆ?

ಹಿಂದಿನ ಋತುಗಳ ಸೋಲುಗಳೂ ಸೇರಿ ತವರಿನ ಸೋಲಿನ ಸರಪಳಿ 22 ಪಂದ್ಯಕ್ಕೆ ಬೆಳೆಯಿತು. ಅದು ಕಡಿದದ್ದು 2023ರ ಆಗಸ್ಟ್ 27ರಂದು, ಒಟ್ಟಾವಾ ವಿರುದ್ಧ. ಅಂದು ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಅದೇ ಟ್ರೇ ಫೋರ್ಡ್.